ನಾನೇ ತೋರಿಸಿದ ಹಳ್ಳ

1997ರಲ್ಲಿ, ಎಂಟನೇ ಕ್ಲಾಸಿಗೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕಾಫಿ ಎಸ್ಟೇಟುಗಳಲ್ಲಿ ನೆರಳಿನ ಮರ ಹತ್ತಿ ಕೊಂಬೆ ಕಡಿದೆ, ಆಮೇಲೆ ಸ್ವಂತ ಜೀಪು ಮಾಡಿಕೊಂಡೆ. ಕಳಸದಿಂದ ಪ್ರವಾಸಿಗರನ್ನು ಗುಡ್ಡಕ್ಕೆ, ಜಲಪಾತಕ್ಕೆ ಕರೆದೊಯ್ಯುತ್ತೇನೆ. ಎಂಥ ಕೆಸರಿನಲ್ಲೂ ಒಬ್ಬ ಗಿರಾಕಿಯ ಕೈಲೂ ಜೀಪು ತಳ್ಳಿಸಿದವನಲ್ಲ.

ಆದರೆ ಅವರು ಬಿಟ್ಟುಹೋಗುವುದನ್ನು ನೆನೆದರೆ ಹೇಸಿಗೆಯಾಗುತ್ತದೆ. ಗುಡ್ಡದ ಹುಲ್ಲಿನಲ್ಲಿ ಒಡೆದ ಬಿಯರ್ ಬಾಟಲಿ, ಬಿರಿಯಾನಿ ಮೆತ್ತಿದ ತಟ್ಟೆ. ಬಂಡೆಗಳ ಹಿಂದೆ ಕಾಲಿಡುವ ಹಾಗಿಲ್ಲ. ಸೀಟಿನಡಿ ಅವರು ತುರುಕಿದ ವಾಂತಿಯ ಕವರ್ ತೆಗೆದು, ಜೀಪು ತೊಳೆದ ಮೇಲೇ ನನಗೆ ಊಟ.

ಹೋದ ವರ್ಷ ಮಳೆ ಬಿಟ್ಟ ಮೇಲೆ ಒಂದು ಸಂಸಾರ ಬಂದಿತ್ತು. ಜಲಪಾತದ ಜನಜಂಗುಳಿ ನೋಡಿ ಮೂಗು ಮುರಿದರು. ಜನರಿಲ್ಲದ ಒಂದು ಜಾಗವೂ ಗೊತ್ತಿಲ್ಲವಲ್ಲ, ನೀನು ಈ ಊರಿನವನೇ ಹೌದೋ ಎಂದು ಯಜಮಾನ ಕೇಳಿದ. ಅದು ಚುಚ್ಚಿತು. ನಮ್ಮ ಮನೆಯ ಮೇಲಿನ ಹಳ್ಳಕ್ಕೇ ಕರೆದೊಯ್ದೆ. ಆಳೆತ್ತರದಿಂದ ನೀರು ಬೀಳುವ ಸಣ್ಣ ಅಬ್ಬಿ ಅದು. ಮೋಟರಿಲ್ಲದೆ, ಬರೀ ಪೈಪಿನಲ್ಲಿ ನಮ್ಮ ನಾಲ್ಕು ಮನೆಗೆ ಅಲ್ಲಿಂದಲೇ ನೀರು. ಅವರು ಮಿಂದರು, ಫೋಟೋ ತೆಗೆದು ನೆಟ್ಟಿಗೆ ಹಾಕಿದರು. ಮುಂದಿನ ವಾರದಿಂದ ಗಿರಾಕಿಗಳು ಆ ಫೋಟೋ ತೋರಿಸಿಯೇ ಜೀಪು ಹತ್ತಿದರು. ಹರಿಯುವ ನೀರಲ್ಲವೇ ಎಂದುಕೊಂಡು ಎಲ್ಲರನ್ನೂ ಕರೆದೊಯ್ದೆ.

ನಮ್ಮಲ್ಲಿ ಬೆಳಿಗ್ಗೆ ಪೈಪಿನ ಮೊದಲ ಕೊಡ ಶಿವನ ಪೂಜೆಗೆ, ಆಮೇಲಿನದು ಒಲೆಗೆ. ಒಂದು ದಿನ ಪೂಜೆಯ ಹೊತ್ತಿಗೇ ನೀರು ಸಣ್ಣಗಾಯಿತು, ಮಧ್ಯಾಹ್ನ ನಿಂತೇಹೋಯಿತು. ಪಕ್ಕದ ಮನೆಯವನೊಂದಿಗೆ ಹಳ್ಳ ಹತ್ತಿದೆ. ಪೈಪಿನ ಬಾಯಿಗೆ ಕಟ್ಟಿದ ಬಲೆಗೆ ಮಗುವಿನ ಡೈಪರ್ ಒಂದು ಉಬ್ಬಿ ಅಂಟಿಕೊಂಡಿತ್ತು. ಎಳೆದೆ. ಹರಿದು ಬೆರಳಸಂದಿಗೆಲ್ಲ ಮೆತ್ತಿತು.

"ನಿನ್ನ ಗಿರಾಕಿಗಳ ಪ್ರಸಾದ, ತಗೋ ಮಾರಾಯ," ಅಂದ ಅವನು. "ಬೆಳಿಗ್ಗೆ ಕಾಫಿ ಇದ್ರಲ್ಲೇ ಕುಡ್ದಿದೀವಿ."

ಅಮ್ಮನಿಗೆ ಹೇಳದೆ ವಿಧಿಯಿರಲಿಲ್ಲ. ಬೈಯಲಿಲ್ಲ ಅವಳು. ಲಿಂಗದ ಮೇಲಿನ ಹೂವು ಒಂದೊಂದಾಗಿ ತೆಗೆದು, "ಇದನ್ನ ತೊಳೆಯೋಕೆ ನೀರು ಎಲ್ಲಿಂದ ತರ್ತೀಯ ಮಗ?" ಎಂದು ಕೇಳಿದಳು.

ಹಳ್ಳದ ದಾರಿಗೆ ಬೇಲಿ ಕಟ್ಟಿದೆ. ಮೀಯಲು ಬಂದವರು ಎರಡೇ ದಿನಕ್ಕೆ ಕಿತ್ತರು. ನಾನು ಕರೆದೊಯ್ಯದಿದ್ದರೆ ಬೇರೆ ಜೀಪುಗಳಿವೆ. ದಾರಿ ತೋರಿಸಿದವನು ನಾನು.

ಈಗ ನನ್ನ ಹತ್ತಿರ ಇರುವುದು ಒಂದು ಜೀಪು, ಒಂದೂವರೆ ಎಕರೆ ಕಾಫಿ, ಯಾರೂ ಕುಡಿಯದ ನೀರಿನ ಒಂದು ಪೈಪು, ದಿನಾ ದೂರದ ಬಾವಿಯಿಂದ ತರುವ ಆರು ಕ್ಯಾನ್ ನೀರು.