ನೆಲಗಟ್ಟಿನಡಿಯ ಕರಿಯ ಚೂರು

ಯುಗಗಳನ್ನು ಮಣ್ಣಿನ ಪದರಗಳಾಗಿ ಹಾಸಿ, ತಾನು ಮಾತ್ರ ಆದ್ಯಂತರಹಿತನಾಗಿ ನಿಂತಿರುವ ಕಾಲಸ್ವರೂಪಿಗೆ ಮೊದಲ ನಮಸ್ಕಾರ.

ರೋಮಿಗೆ ದಕ್ಷಿಣದ ಮೊಂತೆಸಾಲ್ವೊ ಬೆಟ್ಟದ ಮೇಲೆ ಬೆಳಕು ಹರಿಯುತ್ತಿದೆ. ಪುರಾತನ ದೇವಾಲಯದ ಉತ್ಖನನದ ಬದಿಯಲ್ಲಿ, ನೀರಿನ ಬೋಗುಣಿಯ ಮುಂದೆ ಒರ್ಟೆನ್ಸಿಯಾ ಚೆಕ್ಕಾರೆಲ್ಲಿ ಕುಳಿತಿದ್ದಾರೆ. ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಅಗೆದವರು ತರುವ ಮಡಕೆಚೂರುಗಳನ್ನು ತೊಳೆದು ಒಣಹಾಕುವುದು ಇವರ ಕಾಯಕ. ಒಂದು ಪದರದ ಚೂರು ಇನ್ನೊಂದರ ತಟ್ಟೆಗೆ ಸೇರಿದರೆ ಶತಮಾನಗಳೇ ಕಲಸಿಹೋಗುತ್ತವೆ. ಆದ್ದರಿಂದ ತಟ್ಟೆಯೊಂದು ಮುಗಿದೊಡನೆ ನೀರು ಚೆಲ್ಲಿ, ಬೋಗುಣಿ ಒರೆಸಿಯೇ ಮುಂದಿನದು. ಚಳಿಗಾಲದಲ್ಲಿ ಬೆರಳ ಗೆಣ್ಣುಗಳು ಬಾತುಕೊಳ್ಳುತ್ತವೆ.

ಗಂಡ ತೀರಿದ ಮೇಲೆ ಇವರು ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು. "ಅಲ್ಲಿ ಒಡೆದ್ರೆ ಬೈತಿದ್ರು. ಇಲ್ಲಿ ಒಡೆದಿರೋದನ್ನೇ ತಂದುಕೊಡ್ತಾರೆ," ಎಂದು ನಗುತ್ತಾರೆ.

ತಮ್ಮ ದೇವಾಲಯ ಪಕ್ಕದ ಊರಿನದಕ್ಕಿಂತ ಹಳೆಯದು, ಕ್ರಿಸ್ತಪೂರ್ವ ಐದನೆಯ ಶತಮಾನದ್ದು ಎಂಬುದು ಇಲ್ಲಿನವರ ಹೆಮ್ಮೆ. ಒರ್ಟೆನ್ಸಿಯಾರ ಅಣ್ಣ, ಶಿಲ್ಪಿ ನಾತ್ಸರೇನೊ, ದೇವಾಲಯದ ಮುಂದೆ ನಿಲ್ಲಿಸುವ ಕಲ್ಲಿನ ಫಲಕದಲ್ಲಿ ಹಾಗೆಂದೇ ಕೆತ್ತಿಯೂ ಆಗಿತ್ತು. ಕಳೆದ ವಾರ ಗರ್ಭಗೃಹದ ನೆಲಗಟ್ಟಿನಡಿಯ ಮಣ್ಣಿನಿಂದ ಬಂದ ಚೂರೊಂದು ಒರ್ಟೆನ್ಸಿಯಾರ ಬ್ರಷ್ಷಿನಡಿ ಕಪ್ಪಗೆ ಹೊಳೆಯಿತು; ನಡುವೆ ಒತ್ತಿದ ಪುಟ್ಟ ಹೂಮುದ್ರೆ. ಅಂಥ ಮುದ್ರೆಯ ಬಟ್ಟಲುಗಳು ಹುಟ್ಟಿದ್ದೇ ಕ್ರಿಸ್ತಪೂರ್ವ ಮೂರನೆಯ ಶತಮಾನದ ಹೊತ್ತಿಗೆ. ಅಡಿಯಲ್ಲಿರುವ ಬಟ್ಟಲು ಹುಟ್ಟುವ ಮೊದಲೇ ಮೇಲಿನ ನೆಲವನ್ನು ಹಾಸಿರಲು ಸಾಧ್ಯವಿಲ್ಲ.

ಕಾಫಿ ತಂದಿದ್ದ ಅಣ್ಣ ಲೋಟ ಕೆಳಗಿಟ್ಟು ತಂಗಿಯತ್ತ ಬಾಗಿದರು. "ಕೆಸರುನೀರಿನ ಜೊತೆ ಚೆಲ್ಲಿಬಿಡೇ. ಪಕ್ಕದೂರಿನೋರು ಆಡ್ಕೊಂಡು ನಗ್ತಾರೆ!"

"ನಗಲಿ ಬಿಡಣ್ಣ." ಅವರು ಚೂರನ್ನು ತಿರುಗಿಸಿದರು. ಹಿಂಬದಿಯಲ್ಲಿ, ಕರಿಬಣ್ಣದಲ್ಲಿ ಅದ್ದುವಾಗ ಕುಂಬಾರ ಹಿಡಿದ ಬೆರಳ ಗುರುತು, ಗೆರೆಗಳ ಸಮೇತ. "ಇವನು ಇದ್ದ ಅನ್ನೋಕೆ ಉಳಿದಿರೋದು ಇದೊಂದೇ. ಇವನನ್ನ ಕೊಚ್ಚೆಗೆ ಎಸೀಲಾ?"

ಉತ್ಖನನದ ನಿರ್ದೇಶಕಿ ಫುಲ್ವಿಯಾ ತಾಸ್ಕಾ ಚೂರನ್ನು ನೋಡಿ, ಬಿಲವೋ ಬಿರುಕೋ ಏನಾದರೂ ಇದೆಯೇ ಎಂದು ನೆಲಗಟ್ಟನ್ನು ಇಂಚಿಂಚಾಗಿ ಪರೀಕ್ಷಿಸಿದರು. ಎಲ್ಲೂ ಇಲ್ಲ, ಚೂರು ಮೇಲಿನಿಂದ ಜಾರಿದ್ದಲ್ಲ.

"ಸೋರಾ ಒರ್ಟೆನ್ಸಿಯಾ, ಊರಿಗೆ ಇನ್ನೂರು ವರ್ಷ ನಷ್ಟ ಮಾಡಿದ್ರಲ್ಲ!" ಎಂದು ಫುಲ್ವಿಯಾ, ಊರ ಹಿರಿಯ ಹೆಂಗಸರನ್ನು ಕರೆಯುವ ಮಾತಿನಲ್ಲೇ ಕರೆದು ನಕ್ಕರು.

"ನನ್ನ ವಯಸ್ಸನ್ನೂ ಯಾರಾದ್ರೂ ಇಳಿಸಿದ್ರೆ ಬೇಡ ಅಂತೀನಾ, ದೊತ್ತೊರೆಸ್ಸಾ?" ಎಂದು ಒರ್ಟೆನ್ಸಿಯಾ, ಪದವಿ ಪಡೆದ ಹೆಂಗಸಿಗೆ ಸಲ್ಲುವ ಬಿರುದಿನಿಂದಲೇ ಮಾತು ತಿರುಗಿಸಿದರು.

ಆ ದಿನದಿಂದ ತಂಗಿಯೊಡನೆ ಮಾತು ಬಿಟ್ಟಿದ್ದ ನಾತ್ಸರೇನೊ ಇಂದು ಅಂಗಳದಲ್ಲಿ ಫಲಕದ ಹಳೆಯ ಅಕ್ಷರಗಳನ್ನು ಉಜ್ಜಿ ಅಳಿಸುತ್ತಿದ್ದಾರೆ. ತಲೆಯೆತ್ತದೆಯೇ ಕೇಳುತ್ತಾರೆ: "ಮೂರನೇ ಶತಮಾನ ಅಂತ ತಾನೇ? ಇನ್ನೊಂದ್ಸಲ ಬದಲಾಯಿಸಿದ್ರೆ ಕಲ್ಲೇ ಉಳಿಯಲ್ಲ ನೋಡು."

ತಮಗೇನು ಬೇಕೆಂದು ಕೇಳಿದರೆ ಒರ್ಟೆನ್ಸಿಯಾ ತುಸು ಯೋಚಿಸುತ್ತಾರೆ. "ಆ ಚೂರನ್ನ ಗಾಜಿನ ಪೆಟ್ಟಿಗೇಲಿ ಮಗುಚಿ ಇಡ್ಲಿ. ಜನ ಹೂವು ನೋಡೋದು ಇದ್ದೇ ಇದೆ, ಬೆರಳು ನೋಡ್ಲಿ."

ಮಣ್ಣಿನಲ್ಲಿ ಬೆರಳ ಗುರುತನ್ನು ಕಾಪಾಡಿದ ಆ ಭಗವಂತ, ಇದನ್ನು ಓದಿದವರ, ಕೇಳಿದವರ ಕೈಕೆಲಸವನ್ನೂ ಕಾಪಾಡಲಿ. ಸರ್ವರಿಗೂ ಮಂಗಳವಾಗಲಿ.