ಎರಡು ಕಪ್‌ಗಳ ಬೋರ್ಡು

ನನ್ನ ಸೋದರಮಾವ ಬೋರ್ಡು ಬರೆಯುವವನು. ನಲವತ್ತೆರಡು ದಾಟಿದರೂ ಮದುವೆಯಾಗಿರಲಿಲ್ಲ. ಅಮ್ಮ ಹೆಣ್ಣು ಹುಡುಕಿ ಹುಡುಕಿ ಸುಸ್ತಾಗಿ ಕೈಬಿಟ್ಟಿದ್ದಳು. ಪೇಟೆಯ ಅಂಗಡಿಗಳಿಗೆಲ್ಲ ಅಷ್ಟುದ್ದದ ಅಕ್ಷರ ಬರೆದ ಆಸಾಮಿಗೆ ತನ್ನ ಮನಸ್ಸಿನ ಒಂದೇ ಒಂದು ಮಾತು ಆಡಲು ಬಾಯಿ ಬರುತ್ತಿರಲಿಲ್ಲ.

ಆ ಮಾತು ಸಲ್ಲಬೇಕಾದದ್ದು ಪೇಟೆಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದವಳೊಬ್ಬಳಿಗೆ. ದಿನಾ ಬೆಳಿಗ್ಗೆ ಬಾಗಿಲ ಬಳಿಯ ಕರಿಹಲಗೆಯ ಮೇಲೆ ತಿನಿಸುಗಳ ಪಟ್ಟಿ ಬರೆಯುತ್ತಿದ್ದಳು. ಎಡಗೈಯವಳು. ಬರೆದದ್ದನ್ನು ಅವಳದೇ ಕೈ ಒರೆಸಿಕೊಂಡು ಹೋಗುತ್ತಿತ್ತು; ಗೊಣಗಿಕೊಂಡು ಮತ್ತೆ ಬರೆಯುತ್ತಿದ್ದಳು. ಎದುರು ಅಂಗಡಿಯ ಏಣಿಯ ಮೇಲೆ ನಿಂತು ಮಾಮ ಇದನ್ನೇ ನೋಡುತ್ತಿದ್ದ. ಆ ಅಂಗಡಿಯ ಒಂದು ಬೋರ್ಡಿಗೆ ಮೂರು ವಾರ ತಗೊಂಡ, ಪುಣ್ಯಾತ್ಮ.

ಆಗಲೇ ಹೋಟೆಲಿನ ಯಜಮಾನರು ಅವನನ್ನು ಕರೆದರು. "ಜೋಡಿಗಳು ಹುಡುಕ್ಕೊಂಡು ಬರಬೇಕು, ಅಂಥ ಬೋರ್ಡು ಬೇಕು. ಹುಡುಗ ಹುಡುಗಿ ಕೈ ಹಿಡ್ಕೊಂಡಿರೋ ಥರ ಬರಿ."

"ಮುಖ ಬರೆದ್ರೆ ಅದು ಯಾರದೋ ಪ್ರೀತಿ ಆಗುತ್ತೆ ಸ್ವಾಮಿ. ನನಗೆ ಬಿಡಿ," ಎಂದ ಮಾಮ.

ಒಂದು ಮೇಜು, ಪಕ್ಕಪಕ್ಕದಲ್ಲಿ ಎರಡು ಕಪ್, ಅಷ್ಟೇ ಬರೆದ. ಎಡಗಡೆಯದರ ಹಿಡಿ ಬಲಕ್ಕೆ, ಬಲಗಡೆಯದರ ಹಿಡಿ ಎಡಕ್ಕೆ; ನಡುವೆ ಎರಡೂ ತಾಗಿಯೂ ತಾಗದ ಹಾಗೆ. ಒಂದು ಬಲಗೈಯವನದು, ಇನ್ನೊಂದು ಎಡಗೈಯವಳದು. ನೋಡಿದರೆ ಅವಳಿಗೆ ತಿಳಿದೇ ತಿಳಿಯುತ್ತದೆ ಎಂದು ನನ್ನ ಹತ್ತಿರ ಹೇಳುವಾಗ ಮಾಮನ ಕಿವಿ ಕೆಂಪಾಗಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬೋರ್ಡು ಏರಿಸುವ ದಿನ ಏಣಿ ಹಿಡಿದು ನಿಂತವಳು ನಾನೇ. ಅವಳು ಹೊರಗೆ ಬಂದು ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿ ಬಂತು.

"ಆ ಕಪ್ ನನ್ನದು ಅಲ್ವಾ?"

ಮಾಮ ಮೇಲಿನಿಂದಲೇ ಹೌದೆಂದು ತಲೆಯಾಡಿಸಿದ. ಒಂದು ಮೆಟ್ಟಿಲು ಇಳಿದೂಬಿಟ್ಟ.

"ಕೆಲಸ ಮುಗಿದ ಮೇಲೆ ನಾನೂ ನಮ್ಮ ಅಡುಗೆಯವರೂ ಹೀಗೇ ಕೂತ್ಕೊಳ್ಳೋದು. ಕೈಗೆ ಕೈ ತಾಗ್ತಾನೇ ಇರುತ್ತೆ. ನಮ್ಮಿಬ್ಬರ ವಿಷಯ ಮನೇಲಿ ಕೂಡ ಇನ್ನೂ ಹೇಳಿಲ್ಲ, ನಿಮಗೆ ಹೇಗೆ ಗೊತ್ತಾಯ್ತು ಅಣ್ಣಾ?"

"ಏನೋ, ಹಾಗೇ ಕೈಗೆ ಬಂತಮ್ಮ," ಎಂದ ಮಾಮ. ಅಣ್ಣಾ ಎಂದವಳಿಗೆ ಅವನಾದರೂ ಇನ್ನೇನು ಹೇಳಿಯಾನು?

ತಮ್ಮ ಮದುವೆಯ ಕಾಗದದ ಮೇಲೂ ಅದೇ ಚಿತ್ರ ಬೇಕೆಂದಳು. ಬರೆದುಕೊಟ್ಟ. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಷ್ಟು ಚೆನ್ನಾಗಿ ಬರ್ದಿದಾನೆ ನೋಡೇ! ಪ್ರೀತಿ ಗೀತಿ ಅಂದ್ರೆ ಏನೂಂತ ಗೊತ್ತಿಲ್ಲದೋನು," ಎಂದಳು.

"ಹೌದಕ್ಕ, ನನಗೇನು ಗೊತ್ತು," ಎಂದು ಮಾಮ ಬ್ರಶ್ಶು ತೊಳೆಯಲು ಹೋದ. ಆಮೇಲೆ ಯಾರು ಎಷ್ಟು ಕೇಳಿದರೂ ಅವನು ಬೋರ್ಡಿನ ಮೇಲೆ ಚಿತ್ರ ಬರೆಯಲಿಲ್ಲ. ಅಂಗಡಿಯ ಹೆಸರು ಬರೆದು ಇಳಿದುಬಿಡುತ್ತಿದ್ದ.