ಗೋಡೆಯ ಕಡೆಗಿನ ಪೀಠ

ಹೊಳಲ್ಕೆರೆಯ ನಮ್ಮ ಪುಟ್ಟ ಚರ್ಚಿನಲ್ಲಿ ಬಲಿಪೀಠ ಗೋಡೆಗೆ ಅಂಟಿಕೊಂಡಿತ್ತು. ಗುರುಗಳು ನಮಗೆ ಬೆನ್ನು ಮಾಡಿ, ನಾವು ನೋಡುವ ಶಿಲುಬೆಯನ್ನೇ ನೋಡುತ್ತ ಪೂಜೆ ಮಾಡುತ್ತಿದ್ದರು. ಎಪ್ಪತ್ತರ ದಶಕದ ಮೊದಲಲ್ಲಿ ರೋಮಿನ ಹೊಸ ಕಟ್ಟಳೆ ನಮ್ಮೂರಿಗೂ ಬಂದು ಅದು ಬದಲಾಯಿತು. ಇನ್ನು ಜನರಿಗೆ ಮುಖ ಮಾಡಿ ಪೂಜೆ, ಪೀಠದ ಮುಂದೆ ಒಂದು ಮೇಜು ಬೇಕು ಎಂದು ಗುರುಗಳು ಬಡಗಿಯಾಗಿದ್ದ ನನ್ನ ಅಪ್ಪನನ್ನು ಕರೆಸಿದರು.

ಅಪ್ಪ ಅಳತೆ ತೆಗೆದುಕೊಳ್ಳುತ್ತಲೇ ತಕರಾರು ತೆಗೆದ. "ಸ್ವಾಮಿ, ಕುರಿ ಕಾಯೋನು ಮಂದೆಗಿಂತ ಮುಂದೆ ಹೋಗ್ತಾನೆ. ಹಿಂದಕ್ಕೆ ಮುಖ ಮಾಡ್ಕಂಡು ನಡೀತಾನಾ?"

"ತೋಳ ಬಂದ್ರೆ ತಿರುಗಿ ನೋಡ್ಬೇಕಲ್ಲಪ್ಪ."

"ಇಲ್ಲಿ ತೋಳ ಎಲ್ಲೈತೆ ಸ್ವಾಮಿ? ಇರೋದು ನಾವೇ."

"ಅದಕ್ಕೇ ತಿರುಗ್ತಿರೋದು" ಎಂದರು ಗುರುಗಳು.

ಅಪ್ಪ ನಕ್ಕ, ಒಪ್ಪಲಿಲ್ಲ. ಮೇಜನ್ನು ಮಾತ್ರ ಮನಸ್ಸಿಟ್ಟು ಮಾಡಿದ. ಬೇವಿನ ಹಲಗೆ, ಒಂದೂ ಮೊಳೆಯಿಲ್ಲ. ಆಮೇಲೆ ಪೂಜೆಗೆ ಹೋದಾಗಲೆಲ್ಲ ಗುರುಗಳ ಮುಖ ಬಿಟ್ಟು, ಅವರ ಭುಜದಾಚೆಯ ಹಳೆಯ ಪೀಠವನ್ನೇ ನೋಡುತ್ತಿದ್ದ. ಹಾಸಿಗೆ ಹಿಡಿದ ಮೇಲೆ ನನ್ನ ಹತ್ತಿರ ಅವನದು ಒಂದೇ ಮಾತು: "ನನ್ನ ಮಣ್ಣು ಮಾಡೋ ದಿನ ಸ್ವಾಮಿಗಳು ನನ್ ಜೊತೆ ಹಳೇ ಪೀಠದ ಕಡೆ ನೋಡ್ಲಿ. ಹೊರಟಿರೋನು ನಾನು. ದಾರಿಗೆ ಅಡ್ಡ ನಿಲ್ಲೋದು ಬ್ಯಾಡ."

ಅವನು ತೀರಿಕೊಂಡ ಬೆಳಿಗ್ಗೆ ಹೋಗಿ ಕೇಳಿದೆ. "ಒಬ್ಬೊಬ್ಬರಿಗೆ ಒಂದೊಂದು ದಿಕ್ಕಿಗೆ ನಿಲ್ಲೋಕಾಗಲ್ಲಮ್ಮ" ಎಂದರು ಗುರುಗಳು. ನನಗೆ ವಾದ ಬರುವುದಿಲ್ಲ.

ಶವಪೆಟ್ಟಿಗೆ ಇಡಲು ನಮ್ಮಲ್ಲಿ ಎರಡು ಬೆಂಚು ಜೋಡಿಸುವುದು ರೂಢಿ. ಅವತ್ತು ನಾನೂ ತಮ್ಮನೂ ಮೊದಲೇ ಹೋಗಿ, ಮೇಜಿನ ಮೇಲಿನ ಬಟ್ಟೆ ಮಡಿಸಿಟ್ಟು, ಮೇಜನ್ನು ಎತ್ತಿ ಚರ್ಚಿನ ನಡುವೆ ತಂದೆವು.

"ಅಕ್ಕ, ಬೈತಾರೆ."

"ಬೈಲಿ. ಆ ಕಡೆ ಹಿಡ್ಕ."

ಅಪ್ಪನ ಕಾಲು ಹಳೆಯ ಪೀಠದ ಕಡೆ ಬರುವಂತೆ ಪೆಟ್ಟಿಗೆಯನ್ನು ಅದರ ಮೇಲೆ ಇಟ್ಟೆವು. ಗುರುಗಳು ಬಂದು ಖಾಲಿ ಜಾಗ ನೋಡಿದರು, ಆಮೇಲೆ ನನ್ನನ್ನು.

"ಮೇಜು ವಾಪಸ್ ಇಡ್ರಿ."

"ಅದನ್ನ ಮಾಡಿದೋನು ಮಲಗ್ಯಾನೆ ಸ್ವಾಮಿ. ಎಬ್ಬಿಸ್ರಿ, ಇಡ್ತೀವಿ" ಎಂದೆ.

ಯಾರೂ ಮೇಜಿಗೆ ಕೈ ಹಾಕಲಿಲ್ಲ. ಕೊನೆಗೆ ಗುರುಗಳು ಮಡಿಸಿದ ಬಟ್ಟೆಯನ್ನು ತಾವೇ ಎತ್ತಿ ಹಳೆಯ ಪೀಠದ ಮೇಲೆ ಹಾಸಿ, ಗೋಡೆಯ ಕಡೆ ತಿರುಗಿದರು.

ಮಣ್ಣು ಮಾಡಿ ಬಂದು ಮೇಜನ್ನು ಮೊದಲಿದ್ದಲ್ಲೇ ಇಟ್ಟೆವು. ಕ್ಷಮೆ ಕೇಳು ಎಂದು ನೆಂಟರು ಹೇಳಿದರು. ಕೇಳಲಿಲ್ಲ. ಮುಂದಿನ ಭಾನುವಾರ ಗುರುಗಳು ಮತ್ತೆ ನಮಗೆ ಮುಖ ಮಾಡಿ ನಿಂತಾಗ, ನಾನು ಅಪ್ಪನ ಜಾಗದಲ್ಲಿ ಕೂತು ಅವರ ಭುಜದಾಚೆ ನೋಡಿದೆ.